ಕಾಲು ತಾಸು ನೋಡಿದವನು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರುಮಾಡಿದರೆ ನಿಮ್ಮೆಲ್ಲರ ಬೆನ್ನು ನೆಟ್ಟಗಾಗುತ್ತದೆ. ಈ ಪ್ರವಚನದಲ್ಲಿ ಹನ್ನೊಂದು ದಿನದಿಂದ ನೋಡುತ್ತಿದ್ದೇನೆ. ಶ್ರೀಮಂತ ಎಂದ ಕೂಡಲೇ ಮುಂದಿನ ಸಾಲಿನವರು ಮುಗುಳ್ನಗುತ್ತಾರೆ, ಹಿಂದಿನ ಸಾಲಿನವರು ಮುಂದಿನ ಸಾಲಿನವರನ್ನು ನೋಡುತ್ತಾರೆ. ಇವತ್ತಿನ ಕಥೆಯಲ್ಲೂ ಒಬ್ಬ ಶ್ರೀಮಂತ ಇದ್ದಾನೆ. ಆದರೆ ಕಥೆ ಅವನದಲ್ಲ. ಅವನ ಊರಿನಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿದ್ದ ಒಬ್ಬನದು.

ಶರಣ ಬಂಧುಗಳೇ, ಇವತ್ತು ನನಗೆ ಸಿಟ್ಟು ಬಂದಿದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸ್ವಾಮಿಗಳು ಯಾಕೆ ಹೀಗೆ ಮಾತಾಡಿದರು ಎಂದು ಚಹಾದಂಗಡಿಯಲ್ಲಿ ಕೂತು ತಲೆ ಕೆಡಿಸಿಕೊಳ್ಳುವುದು ಬೇಡ. ಯಾರ ಮೇಲೆ ಸಿಟ್ಟು ಎಂಬುದನ್ನು ಕಥೆ ಮುಗಿದ ಮೇಲೆ ಹೇಳುತ್ತೇನೆ. ಇಲ್ಲಿ ಮೇಜಿನ ಮೇಲೆ ಒಂದು ಗಾಜಿನ ಲೋಟದಲ್ಲಿ ನೀರಿದೆ, ನೋಡಿ. ದಿನವೂ ನನಗೆ ತಾಮ್ರದ ತಂಬಿಗೆ ಇಡುತ್ತೀರಿ. ಇವತ್ತು ನಾನೇ ಹೇಳಿ ಈ ಗಾಜಿನ ಲೋಟವನ್ನು ನನ್ನ ಕೋಣೆಯಿಂದ ತರಿಸಿಕೊಂಡೆ. ಅದನ್ನು ನಾನು ಕುಡಿಯುವುದಿಲ್ಲ. ಅದು ಅಲ್ಲೇ ಇರಲಿ.

ಫ್ರಾನ್ಸ್ ದೇಶ. ನೂರೆಂಬತ್ತು ವರ್ಷದ ಹಿಂದೆ ಎಂದಿಟ್ಟುಕೊಳ್ಳಿ. ಇದು ದೃಷ್ಟಾಂತ, ಇತಿಹಾಸವಲ್ಲ. ಮೊಬೈಲು ತೆಗೆದು ಆ ಊರು ಹುಡುಕಬೇಡಿ, ಸಿಗುವುದಿಲ್ಲ. ಯಾವ ಶಾಲೆಯ ಮೆಟ್ಟಿಲನ್ನೂ ಹತ್ತದೆ, ತಾವೇ ಕಲಿತು, ನೀರಿನ ಹನಿಯೊಳಗಿನ ಜೀವಗಳನ್ನೂ ಹುಳಹುಪ್ಪಟೆಗಳನ್ನೂ ಜನ್ಮವಿಡೀ ನೋಡಿದ ಮಹಾನುಭಾವರು ಆ ದೇಶದಲ್ಲಿದ್ದರು. ಅಂಥವರ ಬದುಕಿನ ಒಂದು ಎಳೆ ಹಿಡಿದು ನಾನು ಹೆಣೆದ ಕಥೆ ಇದು. ಅವರ ಭಾಷೆ ನನಗೂ ಬರುವುದಿಲ್ಲ, ನಿಮಗೂ ಬರುವುದಿಲ್ಲ. ಹಾಗಾಗಿ ಈ ಕಥೆಯಲ್ಲಿ ಎಲ್ಲರೂ ನಮ್ಮ ಮಾತೇ ಆಡುತ್ತಾರೆ.

ಗಡಿಯಾರದವನ ಹೆಸರು ಒನೆಸಿಮ್. ಅವನ ಅಪ್ಪನೂ ಗಡಿಯಾರದವನೇ. ಅಪ್ಪ ಮಗನಿಗೆ ಆಸ್ತಿ ಬಿಡಲಿಲ್ಲ, ಒಂದು ನಿಯಮ ಬಿಟ್ಟುಹೋಗಿದ್ದ. ಗಡಿಯಾರ ಕೈಗೆ ಬಂದ ಕೂಡಲೇ ಬಿಚ್ಚಬಾರದು. ಅದಕ್ಕೆ ಆರು ಮಗ್ಗುಲು. ಮುಖ ಮೇಲೆ ಮಾಡಿ, ಮುಖ ಕೆಳಗೆ ಮಾಡಿ, ನಾಲ್ಕು ಅಂಚಿನ ಮೇಲೆ ನಿಲ್ಲಿಸಿ, ಒಂದೊಂದು ಮಗ್ಗುಲಲ್ಲೂ ಕಾಲು ತಾಸು ಕಿವಿಗೊಟ್ಟು ಆಲಿಸಬೇಕು. ಆಮೇಲೆ ಬಾಯಿ ಬಿಡಬೇಕು. "ಗಿರಾಕಿ ಏನ್ ಹೇಳ್ತಾನ ಅದನ್ನ ಕೇಳಬ್ಯಾಡ, ಗಡಿಯಾರ ಏನ್ ಹೇಳ್ತೈತಿ ಅದನ್ನ ಕೇಳು" ಎನ್ನುತ್ತಿದ್ದನಂತೆ ಅಪ್ಪ. ಒಂದು ಗಡಿಯಾರಕ್ಕೆ ಒಂದೂವರೆ ತಾಸು ಬರೀ ಕೇಳುವುದಕ್ಕೇ ಹೋಯಿತಲ್ಲ, ಅಂಗಡಿ ಉದ್ಧಾರ ಆಗುತ್ತದೆಯೇ? ಆಗಲಿಲ್ಲ. ಆದರೆ ಅವನು ರಿಪೇರಿ ಮಾಡಿದ ಗಡಿಯಾರ ಮತ್ತೆ ಅಂಗಡಿಗೆ ಬರುತ್ತಿರಲಿಲ್ಲ.

ಆರು ದಿನ ಗಡಿಯಾರ, ಭಾನುವಾರ ಹೊಂಡ. ಊರ ಹೊರಗೆ ಬಟ್ಟೆ ಒಗೆಯುವ ಹೊಂಡ ಒಂದಿತ್ತು. ಅಲ್ಲಿಂದ ಶೀಶೆಯಲ್ಲಿ ನೀರು ತರುತ್ತಿದ್ದ, ಪಾಚಿ ತರುತ್ತಿದ್ದ, ಜಿಗಣೆ, ಬಸವನಹುಳು, ಮಣ್ಣುಹುಳು ಎಲ್ಲ ತರುತ್ತಿದ್ದ. ಹಳೆಯ ಗಡಿಯಾರದ ಹಿತ್ತಾಳೆ ಕೊಳವೆಗೆ ತಾನೇ ಉಜ್ಜಿದ ಗಾಜು ಕೂರಿಸಿ ಒಂದು ಸೂಕ್ಷ್ಮದರ್ಶಕ ಮಾಡಿಕೊಂಡಿದ್ದ. ಓದಲು ಕಲಿತದ್ದು ಹೇಗೆ ಗೊತ್ತೇ? ಗಿರಾಕಿಗಳು ಗಡಿಯಾರ ಸುತ್ತಿ ತರುತ್ತಿದ್ದ ಹಳೆಯ ಪತ್ರಿಕೆಯ ಹಾಳೆಗಳಿಂದ. ಊರಿನವರು ಅವನಿಗೆ ಹುಳದ ಒನೆಸಿಮ್ ಎಂದು ಹೆಸರಿಟ್ಟರು. ನಾವು ಇಡುವುದಿಲ್ಲವೇ? ನಮಗೆ ತಿಳಿಯದ ಕೆಲಸ ಯಾರಾದರೂ ಮಾಡಿದರೆ ಮೊದಲು ನಾವು ಮಾಡುವ ಉಪಕಾರ ಅದೇ.

ಒಂದು ಭಾನುವಾರ ಪಾಚಿಯ ಎಳೆಯನ್ನು ಗಾಜಿನ ಕೆಳಗಿಟ್ಟು ನೋಡಿದ. ಎಳೆಗೆ ಅಂಟಿಕೊಂಡು ಸಣ್ಣ ಸಣ್ಣ ಗಂಟೆಗಳು. ದಂಟಿನ ಮೇಲೆ ತಲೆಕೆಳಗಾಗಿ ನಿಂತ ಗಂಟೆಯ ಹಾಗೆ ಒಂದೊಂದು ಜೀವ. ಎದುರು ಏನಾದರೂ ಸುಳಿದರೆ ಆ ದಂಟು ಸರ್ರೆಂದು ಸುರುಳಿ ಸುತ್ತಿಕೊಂಡು ಗಂಟೆಯನ್ನು ಒಳಗೆಳೆದುಕೊಳ್ಳುತ್ತದೆ, ಭಯ ಹೋದ ಮೇಲೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಸ್ಪ್ರಿಂಗು! ಮೂವತ್ತು ವರ್ಷ ಸ್ಪ್ರಿಂಗಿನ ಜೊತೆ ಬಾಳಿದವನು ಒನೆಸಿಮ್. ಕೂದಲಿಗಿಂತ ಸಾವಿರ ಪಾಲು ನಯವಾದ ಈ ಸ್ಪ್ರಿಂಗನ್ನು ಮಾಡಿದ ಗಡಿಯಾರದವನು ಯಾರಪ್ಪಾ ಎಂದು ಅವನಿಗೆ ಕಣ್ಣಲ್ಲಿ ನೀರು ಬಂತು. ನಾವು ದೇವರ ಮುಂದೆ ಅಳುವುದು ಬೇಡುವುದಕ್ಕೆ. ಅವನು ಅತ್ತದ್ದು ಕಂಡದ್ದಕ್ಕೆ.

ಈಗ ಶ್ರೀಮಂತನಿಗೆ ಬರೋಣ. ನೂಲಿನ ಗಿರಣಿಗಳ ಒಡೆಯ. ದೊಡ್ಡ ಮನೆ, ದೊಡ್ಡ ಊಟ, ದೊಡ್ಡ ಹೊಟ್ಟೆ. ತನ್ನ ಹೆಸರಿನಲ್ಲಿ ಒಂದು ವಿಜ್ಞಾನ ಶಾಲೆ ಕಟ್ಟಿಸುತ್ತಿದ್ದ. ರಾಜಧಾನಿಯಲ್ಲಿ ಒಬ್ಬ ಮಹಾಪಂಡಿತ ಇದ್ದ, ಅವನು ಬರೆದ ಆಳೆತ್ತರದ ಚಿತ್ರಪುಸ್ತಕವನ್ನು ಅಚ್ಚು ಹಾಕಿಸಿದವನೂ ಇವನೇ. ಆ ಪುಸ್ತಕದ ತಿರುಳು ಏನೆಂದರೆ, ನೀರಿನ ಹನಿಯೊಳಗಿನ ಅತಿ ಸಣ್ಣ ಜೀವಿಗೂ ಹೊಟ್ಟೆ ಇದೆ, ಒಂದಲ್ಲ ಎರಡಲ್ಲ, ಐವತ್ತು ಹೊಟ್ಟೆ! ಪಂಡಿತ ದಡ್ಡನಲ್ಲ, ಅದನ್ನೂ ಹೇಳಬೇಕು. ಒಂದು ಒಳ್ಳೆಯ ಉಪಾಯ ಮಾಡಿದ್ದ. ಬಟ್ಟೆಗೆ ಹಾಕುವ ನೀಲಿಯನ್ನು ಆ ನೀರಿಗೆ ಒಂದಿಷ್ಟು ಬೆರೆಸಿದ. ಜೀವಿಗಳು ನೀಲಿಯನ್ನು ನುಂಗಿದವು. ಮೈಯೊಳಗೆ ದುಂಡುದುಂಡಗೆ ನೀಲಿ ಚುಕ್ಕಿಗಳು ಕಂಡವು. ಇಲ್ಲಿಯವರೆಗೆ ಸರಿ. ಆಮೇಲೆ ಏನು ಮಾಡಿದ? ಚುಕ್ಕಿ ಎಂದರೆ ಹೊಟ್ಟೆ ಎಂದ. ಹೊಟ್ಟೆ ಎಂದ ಮೇಲೆ ಕರುಳು ಇರಲೇಬೇಕಲ್ಲ? ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದು ಕರುಳು ಬರೆದ. ಕಂಡದ್ದು ಚುಕ್ಕಿ, ಬರೆದದ್ದು ದ್ರಾಕ್ಷಿ ಗೊಂಚಲು. ಶ್ರೀಮಂತನಿಗೆ ಆ ಚಿತ್ರ ಬಹಳ ಹಿಡಿಸಿತು. ಹೊಟ್ಟೆಯೇ ಸರ್ವಸ್ವ ಎಂದುಕೊಂಡವನಿಗೆ ಎಲ್ಲಿ ನೋಡಿದರೂ ಹೊಟ್ಟೆಯೇ ಕಾಣುವುದರಲ್ಲಿ ಆಶ್ಚರ್ಯವೇನಿದೆ?

ಹೊಸ ಶಾಲೆಗೆ ಒಬ್ಬ ಮೇಷ್ಟ್ರು ಬೇಕಿತ್ತು. ಆ ಸೀಮೆಯಲ್ಲಿ ನೀರಿನ ಜೀವಿಗಳನ್ನು ಬಲ್ಲವನು ಒನೆಸಿಮ್ ಒಬ್ಬನೇ. ಬೇರೆ ದಾರಿಯಿಲ್ಲದೆ ಅವನನ್ನೇ ಕರೆದರು. ಒನೆಸಿಮನಿಗೆ ಆ ಕೆಲಸ ಯಾಕೆ ಬೇಕಿತ್ತು ಎಂಬುದನ್ನು ಕೇಳಿ. ಪಗಾರದ ಆಸೆಗಲ್ಲ. ಅವನ ಬಲಗಣ್ಣು ಮಂಜಾಗತೊಡಗಿತ್ತು. ಹಗಲೆಲ್ಲ ಗಡಿಯಾರದ ಸಣ್ಣ ಹಲ್ಲುಗಳನ್ನು ನೋಡಿ ನೋಡಿ ಕಣ್ಣು ಸವೆದಿತ್ತು. ಹೀಗೇ ಗಡಿಯಾರ ನೋಡುತ್ತಿದ್ದರೆ ನಾಲ್ಕೈದು ವರ್ಷ ಅಷ್ಟೇ ಎಂದು ವೈದ್ಯ ಹೇಳಿದ್ದ. ಉಳಿದ ಕಣ್ಣನ್ನು ಗಡಿಯಾರಕ್ಕೆ ಕೊಡುವುದೋ, ಆ ಗಂಟೆಯ ಜೀವಗಳಿಗೆ ಕೊಡುವುದೋ? ಶಾಲೆಯ ಕೆಲಸ ಸಿಕ್ಕರೆ ವಾರದ ಏಳು ಹಗಲೂ ಅವನವು. ಸಿಗದಿದ್ದರೆ ಇನ್ನೊಂದು ಇನ್ನೂರು ಭಾನುವಾರ, ಆಮೇಲೆ ಕತ್ತಲೆ.

ಶಾಲೆಯ ಉದ್ಘಾಟನೆಗೆ ಪಂಡಿತನೇ ಬಂದ. ಪುರಭವನದ ಕಿಟಕಿಯ ಪಕ್ಕ, ಮಧ್ಯಾಹ್ನದ ಬಿಸಿಲಿಗೆ ಸರಿಯಾಗಿ, ಥಳಥಳ ಹೊಳೆಯುವ ಸೂಕ್ಷ್ಮದರ್ಶಕ ಇಟ್ಟಿದ್ದರು. ಕೆಳಗೆ ನೀಲಿ ನುಂಗಿದ ಗಂಟೆಯ ಜೀವಗಳು. ಊರಿನ ನಲವತ್ತು ಮಂದಿ ಗಣ್ಯರು ಸಾಲಾಗಿ ನಿಂತರು. ಮೊದಲು ಶ್ರೀಮಂತ ಬಗ್ಗಿದ. ಯಾವ ಕಣ್ಣು ಮುಚ್ಚಬೇಕೆಂದು ತಿಳಿಯದೆ ಎರಡನ್ನೂ ಅರ್ಧರ್ಧ ಮುಚ್ಚಿದ. ತುಸು ಹೊತ್ತು ಮಿಟುಕಿಸಿ, ಎದ್ದು, ಕೈ ಮೇಲೆತ್ತಿ ಹೇಳಿದ.

"ಅಬ್ಬಬ್ಬಾ, ಎಷ್ಟ್ ಹೊಟ್ಟಿ ಅದಾವ! ಕರ್ರಗ, ಉದ್ದುದ್ದ, ಸಾಲಾಗಿ ನಿಂತಾವ!"

ಒನೆಸಿಮನಿಗೆ ಕೂಡಲೇ ತಿಳಿಯಿತು. ಚುಕ್ಕಿಗಳು ನೀಲಿ, ದುಂಡಗೆ. ಕಪ್ಪಗೆ, ಉದ್ದಕ್ಕೆ, ಸಾಲಾಗಿ ಕಂಡದ್ದು ಏನು? ಶ್ರೀಮಂತನ ಸ್ವಂತ ಕಣ್ಣಿನ ರೆಪ್ಪೆಗೂದಲು! ಹೊಸದಾಗಿ ಕೊಳವೆಗೆ ಕಣ್ಣಿಟ್ಟವರಿಗೆ ಮೊದಲು ಕಾಣುವುದೇ ಅದು. ಯಾರಾದರೂ ತಿದ್ದಿದರೇ? ಇಲ್ಲ. ಹಿಂದೆ ನಿಂತವನು ಬಗ್ಗಿ, "ಹೌದ್ರಿ, ಉದ್ದುದ್ದ ಅದಾವ" ಎಂದ. ಅವನ ಹಿಂದಿನವನು, "ಕರ್ರಗದಾವ" ಎಂದ. ನಲವತ್ತು ಮಂದಿ ನಲವತ್ತು ಸಲ ತಮ್ಮ ರೆಪ್ಪೆಯನ್ನೇ ಕಂಡು, ಪಂಡಿತನಿಗೆ ಕೈಮುಗಿದು ಮುಂದೆ ಹೋದರು. ನಗಬೇಡಿ. ಶ್ರೀಮಂತ ಹೇಳಿದ ಮೇಲೆ ನೀವು ಇಲ್ಲಿ ಏನೇನು ಕಂಡಿದ್ದೀರಿ ಎಂಬುದು ನನಗೆ ಗೊತ್ತಿದೆ.

ಕೊನೆಗೆ ಒನೆಸಿಮನ ಸರದಿ. ಅವನು ಕುರ್ಚಿ ಎಳೆದುಕೊಂಡು ಕೂತ. ಒಂದೇ ಒಂದು ಗಂಟೆಯ ಜೀವವನ್ನು ಆರಿಸಿಕೊಂಡ. ಕಣ್ಣಿಟ್ಟವನು ಏಳಲೇ ಇಲ್ಲ. ಐದು ನಿಮಿಷವಾಯಿತು. ಸಭೆ ಗುಜುಗುಜು ಎಂದಿತು. ಹತ್ತು ನಿಮಿಷ. "ಏಳಪಾ, ಸಾಕು, ಅಲ್ಲೇ ಹಾಸಿಗಿ ಹಾಸಬೇಕೇನು?" ಎಂದು ಯಾರೋ ಕೂಗಿದರು. ಅವನು ಕೈ ಎತ್ತಿ ಸುಮ್ಮನಿರಿ ಎಂದ. ಕಾಲು ತಾಸು ಆದ ಮೇಲೆ ಎದ್ದ. ಅವನಿಗೂ ಕೆಲಸ ಬೇಕಿತ್ತಲ್ಲ. ಮನೆಯಲ್ಲಿ ಎಷ್ಟೋ ಭಾನುವಾರ ಕಂಡದ್ದು ಇಲ್ಲಿಯಾದರೂ ಬೇರೆಯಾಗಿ ಕಂಡೀತು ಎಂದು ಆಸೆಪಟ್ಟಿದ್ದ. ಕಂಡಿರಲಿಲ್ಲ.

"ಇವು ಹೊಟ್ಟಿ ಅಲ್ರಿ" ಎಂದ. "ಈ ಚುಕ್ಕಿ ನಿಂತಲ್ಲಿ ನಿಲ್ಲಂಗಿಲ್ಲ. ಬಾಯಿ ಹತ್ರ ಹುಟ್ಟತೈತಿ, ತಳದ ಕಡಿಗಿ ಇಳೀತೈತಿ, ಆ ಮಗ್ಗಲಿಂದ ತಿರುಗಿ ಮ್ಯಾಲ ಬರ್ತೈತಿ. ಒಳಗೆಲ್ಲ ತಿರುಗಾಡ್ತೈತಿ. ಒಂದಕ್ಕೊಂದು ಕೂಡಿಸೋ ಕರುಳೂ ಇಲ್ಲ. ಹೊಟ್ಟಿ ಎಲ್ಲರೆ ತಿರುಗಾಡ್ತೈತೇನ್ರಿ? ಮುಂಜಾನೆ ಹೊಕ್ಕಳದಾಗ ಇದ್ದದ್ದು ಸಂಜಿಕ ಬೆನ್ನಾಗ ಇರತೈತೇನು?"

ಪಂಡಿತನ ಹುಬ್ಬು ಗಂಟಿಕ್ಕಿತು. ಅವನು ಕೇಳಿದ ಮೊದಲ ಪ್ರಶ್ನೆ ಯಾವುದು? ಎಲ್ಲಿ, ಯಾವ ಚುಕ್ಕಿ, ತೋರಿಸು ಎಂದು ಕೇಳಿದನೇ? ಇಲ್ಲ.

"ನೀ ಎಲ್ಲಿ ಕಲ್ತಿ?"

"ಎಲ್ಲೂ ಇಲ್ರಿ."

"ಯಾರ ಶಿಷ್ಯ?"

"ನಮ್ಮಪ್ಪನ ಶಿಷ್ಯರಿ. ಗಡಿಯಾರದಂವ."

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಪಂಡಿತ ನಗಲಿಲ್ಲ, ದೊಡ್ಡ ಮನುಷ್ಯ. "ತಮ್ಮಾ, ಇಂಥವು ಹತ್ತು ಸಾವಿರ ನೋಡೀನಿ ನಾನು" ಎಂದ ಸಮಾಧಾನವಾಗಿ.

"ಹತ್ತು ಸಾವಿರ ನೋಡೀರಿ, ಖರೆ" ಎಂದ ಒನೆಸಿಮ್. "ಒಂದನ್ನ ನೋಡ್ರಿ."

ಬಂಧುಗಳೇ, ಇಲ್ಲಿ ನಿಲ್ಲೋಣ. ಆ ಮಾತಿಗೆ ಪಂಡಿತನ ಕೈ ತಾನಾಗಿ ಹಿತ್ತಾಳೆ ಕೊಳವೆಯ ಕಡೆ ಹೋಯಿತು. ಕುರ್ಚಿಯ ಬೆನ್ನನ್ನೂ ಹಿಡಿದುಕೊಂಡ. ಅವನೊಳಗೆ ಒಬ್ಬ ನೋಡುವವನು ಇನ್ನೂ ಸತ್ತಿರಲಿಲ್ಲ. ಕೂತಿದ್ದರೆ, ಹದಿನೈದು ನಿಮಿಷ ಕೂತಿದ್ದರೆ, ಅವನಿಗೂ ಕಾಣುತ್ತಿತ್ತು. ಅಷ್ಟರಲ್ಲಿ ಶ್ರೀಮಂತ ಬಂದು ಅವನ ತೋಳು ಹಿಡಿದ. "ಊಟ ಆರತೈತ್ರಿ ಪಂಡಿತರ, ಈ ಹುಚ್ಚಪ್ಪನ ಮಾತು ಯಾತಕ್ಕ?" ಎಂದ. ಪಂಡಿತ ಕೊಳವೆ ಬಿಟ್ಟ, ಊಟಕ್ಕೆ ನಡೆದ. ನೋಡಿ! ಐವತ್ತು ಹೊಟ್ಟೆಯ ವಿಚಾರ ಒಂದು ಹೊಟ್ಟೆಯ ಊಟದಲ್ಲಿ ತೀರ್ಮಾನವಾಯಿತು. ಆಮೇಲೆ ಮೂವತ್ತು ವರ್ಷ ಮಕ್ಕಳು ಶಾಲೆಯಲ್ಲಿ ಸುಳ್ಳು ಕಲಿತರು. ಯಾಕೆ? ಸಾರು ಆರಿಹೋಗುತ್ತಿತ್ತು, ಅದಕ್ಕೆ! ನನಗೆ ಈ ಜಾಗ ಬಂದಾಗಲೆಲ್ಲ ಮೈ ಉರಿಯುತ್ತದೆ.

ಮರುದಿನ ಶ್ರೀಮಂತ ಒನೆಸಿಮನ ಅಂಗಡಿಗೇ ಬಂದ. ಕೆಟ್ಟವನೇನಲ್ಲ, ಮೆತ್ತಗೆ ಮಾತಾಡಿದ. ಒಂದು ಹಾಳೆ ಮುಂದಿಟ್ಟ. ಶಾಲೆಯ ಮೇಷ್ಟ್ರಾಗುವವನು ಒಂದು ಸಾಲು ಬರೆದು ರುಜು ಹಾಕಬೇಕು. ಸಾಲು ಇಷ್ಟೇ: ಅತಿ ಸಣ್ಣ ಜೀವಿಗಳಿಗೂ ಹೊಟ್ಟೆಗಳಿರುವುದನ್ನು ನಾನು ಕಂಡಿದ್ದೇನೆ.

"ಪಂಡಿತರು ಹಂಗ ಹೇಳ್ತಾರ ಅಂತ ಬರೀತೀನ್ರಿ" ಎಂದ ಒನೆಸಿಮ್. "ಅದು ಸುಳ್ಳಲ್ಲ."

"ಅದ್ಯಾಕಪಾ? ಪಂಡಿತರು ಹೇಳೋದು ಎಲ್ಲರಿಗೂ ಗೊತ್ತೈತಿ. ಕಂಡೀನಿ ಅಂತ ಬರಿ. ನಾಳಿ ಸಂಜಿಕ ಕಳಿಸು."

ಅವನು ಹೋದ ಮೇಲೆ ಒನೆಸಿಮ್ ಹಾಳೆಯನ್ನು ಅಂಗಡಿಯ ಹಿಂದಿನ ಮನೆಯೊಳಗೆ ತಂದು ಮೇಜಿನ ಮೇಲಿಟ್ಟ. ಅವನ ಹೆಂಡತಿ ಅಪೊಲಿನ್ ಒಲೆಯ ಮೇಲೆ ಸಾರಿಗಿಟ್ಟಿದ್ದಳು. ಬಟ್ಟೆ ಒಗೆದು ಬಾಳಿದ ಹೆಂಗಸು, ಅಕ್ಷರ ಬರುತ್ತಿರಲಿಲ್ಲ. ಗಂಡನ ಭಾನುವಾರಗಳಿಗೆ ಒಂದು ದಿನವೂ ಅಡ್ಡ ಬಂದವಳಲ್ಲ. ಒನೆಸಿಮ್ ಎಲ್ಲವನ್ನೂ ಹೇಳಿಕೊಂಡ. ಮಂದಿ ನಕ್ಕದ್ದು, ಎಲ್ಲಿ ಕಲ್ತಿ ಎಂದು ಕೇಳಿದ್ದು, ರೆಪ್ಪೆಗೂದಲು ಕಂಡು ಹೊಟ್ಟೆ ಎಂದದ್ದು. ಆಮೇಲೆ ಲೇಖನಿ ಹುಡುಕಿದ.

"ಬರದು ಕೊಟ್ಟುಬಿಡ್ತೀನಿ. ಕಣ್ಣು ಇರೋ ತನಕನರೆ ಹಗಲ ಹೊತ್ತು ನೋಡಾಕ ಸಿಗ್ತೈತಿ. ಒಂದು ಸಾಲಿಗೆ ಏನು ಮಹಾ?"

ಅಪೊಲಿನ್ ಸೌಟು ಕೆಳಗಿಟ್ಟಳು. "ಹಂಗಾರ ಬರಿಯೋಕಿಂತ ಮೊದ್ಲು ನನಗೊಂದ್ಸಲ ತೋರ್ಸು. ಹೊಟ್ಟಿ ಅದಾವೋ ಇಲ್ಲೋ ನಾನೂ ನೋಡ್ತೀನಿ."

"ನಿನಗೇನ್ ತಿಳೀತೈತಿ ಅದು?" ಎಂದ ಒನೆಸಿಮ್.

ಬಾಯಿಂದ ಬಂದುಬಿಟ್ಟಿತು. ಅಪೊಲಿನ್ ಗಂಡನ ಮುಖವನ್ನೇ ನೋಡಿದಳು.

"ನಿನ್ನೆ ನಿನಗ ಅವರು ಅಂದದ್ದು ಇದನ್ನ ಅಲ್ಲೇನು?" ಎಂದಳು.

ಹನ್ನೆರಡು ವರ್ಷ! ಹನ್ನೆರಡು ವರ್ಷದಿಂದ ಆ ಕೊಳವೆ ಆ ಮನೆಯ ಕಿಟಕಿಯ ಮೇಲಿತ್ತು. ಅವಳು ದಿನವೂ ಅದರ ಧೂಳು ಒರೆಸುತ್ತಿದ್ದಳು. ಅವಳು ಬಟ್ಟೆ ಒಗೆಯುವ ಹೊಂಡದ ನೀರೇ ಅದರ ಕೆಳಗಿರುತ್ತಿತ್ತು. ಒಂದೇ ಒಂದು ದಿನ, ಬಾ, ನೀನೂ ನೋಡು ಎಂದು ಅವನು ಕರೆದಿರಲಿಲ್ಲ. ಒನೆಸಿಮ್ ನಾಚಿಕೊಂಡ. ನಾಚಿಕೆಯಾಗಬೇಕಾದ ಕಡೆ ನಾಚಿಕೊಂಡನಲ್ಲ, ಅದಕ್ಕೇ ಅವನ ಕಥೆ ಹೇಳುತ್ತಿದ್ದೇನೆ. ಕುರ್ಚಿ ಎಳೆದು ಅವಳನ್ನು ಕೂರಿಸಿದ. ಯಾವ ಕಣ್ಣು ತೆರೆಯಬೇಕು, ರೆಪ್ಪೆ ಕಂಡರೆ ಹೇಗೆ ದಾಟಬೇಕು, ಬೆಳಕು ಹೇಗೆ ಹಿಡಿಯಬೇಕು, ಎಲ್ಲವನ್ನೂ ಹೇಳಿಕೊಟ್ಟ. ನೀರಿಗೆ ಹಾಕುವ ನೀಲಿ ಅವಳ ಒಗೆಯುವ ಬುಟ್ಟಿಯಲ್ಲೇ ಇತ್ತು.

ಅವಳು ನೋಡಿದಳು. ಕಾಲು ತಾಸಾಯಿತು, ಏಳಲಿಲ್ಲ. ಅರ್ಧ ತಾಸಾಯಿತು. ಒಲೆಯ ಮೇಲೆ ಸಾರು ಸೀದು ಹೊಗೆ ಎದ್ದಿತು. ಅವನು ಹೋಗಿ ಇಳಿಸಿದ. ಪಂಡಿತ ಸಾರು ಆರೀತು ಎಂದು ಎದ್ದುಹೋದ, ಈ ಹೆಣ್ಣುಮಗಳು ಸಾರು ಸೀದರೂ ಏಳಲಿಲ್ಲ. ಯಾರು ಪಂಡಿತರು, ನೀವೇ ಹೇಳಿ.

"ನಡೀತೈತಿ" ಎಂದಳು ಕಣ್ಣು ತೆಗೆಯದೆ. "ಚುಕ್ಕಿ ನಡೀತೈತಿ. ಒಂದು ಸುತ್ತು ಹಾಕಿತು. ಮತ್ತ ಬಾಯಿ ಹತ್ರ ಬಂತು... ಅಯ್ಯ! ಹೊರಗ ಬಿತ್ತು ನೋಡು!"

"ಹೊರಗ ಬಿತ್ತಾ? ಎಲ್ಲಿಂದ?"

"ಒಳಗ ಹೋದಲ್ಲಿಂದನ. ಬಾಯಿ ಮಗ್ಗಲದಾಗ. ಉಗುಳಿದಂಗ ಉಗುಳಿತು."

ಒನೆಸಿಮ್ ಒಲೆ ಬಿಟ್ಟು ಓಡಿಬಂದ. ಹನ್ನೆರಡು ವರ್ಷ ನೋಡಿದ್ದ ಅವನಿಗೆ ಚುಕ್ಕಿ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಸಿಕ್ಕಿರಲಿಲ್ಲ. ಮಂಜುಗಣ್ಣು. ಅವಳನ್ನು ಏಳಿಸಿ ತಾನು ಕೂತ. ಅವಳು ಹೇಳಿದ ಜಾಗದ ಮೇಲೆಯೇ ಕಣ್ಣು ನೆಟ್ಟ. ಮುಕ್ಕಾಲು ತಾಸಿನ ಮೇಲೆ ಅವನಿಗೂ ಕಂಡಿತು. ನೀಲಿ ಚುಕ್ಕಿಯೊಂದು ಸುತ್ತಿ ಬಂದು, ಬಾಯಿಯ ಪಕ್ಕದಿಂದ ಹೊರಗೆ ಚೆಲ್ಲಿ, ನೀರಿನಲ್ಲಿ ಕದಡಿ ಹೋಯಿತು.

"ಉಂಡದ್ದು ಹೊರಗ ಬೀಳ್ತೈತಿ, ಅದು ಲೋಕದ ರೀತಿ" ಎಂದಳು ಅಪೊಲಿನ್. "ಆದ್ರ ಹೊಟ್ಟಿನೇ ಹೊರಗ ಬಿದ್ದದ್ದು ಯಾರರೆ ಕಂಡಾರೇನು?"

ಆಮೇಲೆ ಮೇಜಿನ ಮೇಲಿದ್ದ ಹಾಳೆಯನ್ನು ಬೆರಳಿನಿಂದ ಅವನ ಕಡೆಗೆ ಸರಿಸಿದಳು. "ಬರಿಯೋದು ಬಿಡೋದು ನಿನ್ನ ಕೈಯಾಗೈತಿ. ನಿನ್ನ ಕಣ್ಣು, ನಿನ್ನ ಕೆಲಸ. ಆದ್ರ ಈಗ ನಾನೂ ಕಂಡೀನಿ. ನೀ ಸುಳ್ಳು ಬರದ್ರ ನಾ ಕಂಡದ್ದೂ ಸುಳ್ಳಾಗ್ತೈತಿ. ಜನ್ಮದಾಗ ಮೊದಲನೇ ಸಲ ಒಬ್ಬರು ನನಗ ನೋಡು ಅಂದಾರ. ಅದನ್ನ ಸುಳ್ಳು ಮಾಡಬ್ಯಾಡ."

ಒನೆಸಿಮ್ ಬರೆಯಲಿಲ್ಲ. ಹಾಳೆ ಖಾಲಿಯಾಗಿಯೇ ಶ್ರೀಮಂತನ ಮನೆಗೆ ವಾಪಸು ಹೋಯಿತು. ಮೇಷ್ಟ್ರ ಕೆಲಸ ರಾಜಧಾನಿಯಿಂದ ಬಂದ ಇನ್ನೊಬ್ಬನಿಗೆ ಸಿಕ್ಕಿತು. ಅವನು ಬಂದ ದಿನವೇ, ಕೊಳವೆಗೆ ಕಣ್ಣಿಡದೆಯೇ, ಕಂಡಿದ್ದೇನೆ ಎಂದು ಬರೆದುಕೊಟ್ಟನಂತೆ. ಒನೆಸಿಮ್ ಗಡಿಯಾರಕ್ಕೆ ಮರಳಿದ. ವೈದ್ಯ ಹೇಳಿದ್ದು ನಿಜವಾಯಿತು. ಐದನೆಯ ವರ್ಷ ಬಲಗಣ್ಣು ಹೋಯಿತು, ಆಮೇಲೆ ಎಡಗಣ್ಣೂ ಸೂಕ್ಷ್ಮಕ್ಕೆ ಬಾರದಾಯಿತು. ಇಲ್ಲಿಗೆ ಕಥೆ ಮುಗಿಯಿತು ಎಂದುಕೊಳ್ಳಬೇಡಿ. ಭಾನುವಾರಗಳು ನಿಲ್ಲಲಿಲ್ಲ. ಕೊಳವೆಯ ಮುಂದೆ ಅಪೊಲಿನ್ ಕೂತಳು. ಅವಳು ಕಂಡದ್ದನ್ನು ಹೇಳುತ್ತಿದ್ದಳು, ಅವನು ಅಪ್ಪ ಹೇಳಿಕೊಟ್ಟಂತೆ ಗಡಿಯಾರವನ್ನು ಕೇಳಿದ ಹಾಗೆ ಕಿವಿಗೊಟ್ಟು ಕೇಳುತ್ತಿದ್ದ, ದೊಡ್ಡ ದೊಡ್ಡ ಅಕ್ಷರದಲ್ಲಿ ತಡವುತ್ತ ಬರೆಯುತ್ತಿದ್ದ. ಜಿಗಣೆಯ ಬಗ್ಗೆ, ಬಸವನಹುಳುವಿನ ಬಗ್ಗೆ, ಹೆಸರೇ ಇಲ್ಲದ ನೂರಾರು ಜೀವಗಳ ಬಗ್ಗೆ ಹಾಗೆಯೇ ಬರೆದರು. ರಾಜಧಾನಿಗೆ ಕಳಿಸಿದರು. ಉತ್ತರ ಬರಲಿಲ್ಲ.

ಕಾಲ ಉರುಳಿತು. ಒಳ್ಳೆಯ ಗಾಜುಗಳು ಬಂದವು. ಹೊಸಬರು ತಾಳ್ಮೆಯಿಂದ ಕೂತು ನೋಡಿದರು. ಚುಕ್ಕಿ ಹೊಟ್ಟೆಯಲ್ಲ, ಅದು ಬರೀ ತುತ್ತಿನ ಗುಳ್ಳೆ, ಬರುತ್ತದೆ ಹೋಗುತ್ತದೆ ಎಂದು ಲೋಕವೇ ಒಪ್ಪಿತು. ತಪ್ಪಾಯಿತು ಎಂದು ಹೇಳಲು ಗಡಿಯಾರದ ಅಂಗಡಿಗೆ ಯಾರಾದರೂ ಬಂದರೇ? ಒಬ್ಬರೂ ಬರಲಿಲ್ಲ. ನಕ್ಕ ನಲವತ್ತು ಮಂದಿಯಲ್ಲಿ ಒಬ್ಬನೂ ಬರಲಿಲ್ಲ. ನಮಗೆ ನಗಲು ಇರುವ ಪುರುಸೊತ್ತು ತಪ್ಪೊಪ್ಪಿಕೊಳ್ಳಲು ಇರುವುದಿಲ್ಲ.

ಕಥೆ ಇಲ್ಲಿಗೆ ಮುಗಿಯಿತು. ಈಗ ಲೋಟಕ್ಕೆ ಬರೋಣ.

ಹುಲಿಗೆವ್ವ ಎಲ್ಲಿದ್ದಾಳೆ? ಕಂಬದ ಹಿಂದೆ ನಿಂತಿದ್ದಾಳೆ, ಅಲ್ಲಿ. ದಾಸೋಹದ ಪಾತ್ರೆ ತೊಳೆಯುವವಳು ಎಂದಷ್ಟೇ ನಿಮಗೆ ಗೊತ್ತು. ಮೂರು ವರ್ಷದಿಂದ ಈ ಭವನದ ನೀರಿನ ಟಾಕಿ ತೊಳೆಯುವವಳೂ ಅವಳೇ. ಅವಳು ಎಂಟು ದಿನದ ಹಿಂದೆ ಒಂದು ಮಾತು ಹೇಳಿದಳು. "ಟಾಕಿ ನೀರಾಗ ಕೆಂಪನ್ನ ಎಳಿ ಹುಳ ಅದಾವ್ರಿ, ದಾರದಂಗ, ಕುಣಿದಾಡ್ತಾವ. ಮುಚ್ಚಳ ಸೀಳೈತ್ರಿ" ಎಂದಳು. ಅಡುಗೆಯವರಿಗೆ ಹೇಳಿದಳು. ಭಂಡಾರದವರಿಗೆ ಹೇಳಿದಳು. ಸಮಿತಿಯ ಅಧ್ಯಕ್ಷರಿಗೆ ಹೇಳಿದಳು. ಅವಳಿಗೆ ಸಿಕ್ಕ ಉತ್ತರ ಏನು? "ನೀರು ಟೆಸ್ಟ್ ಮಾಡಿಸಿ ಕಾಗದ ಇಟ್ಟೀವಿ. ನೀ ಎಷ್ಟನೇ ಇಯತ್ತೆ ಓದೀದಿ?"

ಆ ಕಾಗದ ನಾನೂ ಓದಿದೆ. ಯುಗಾದಿಯ ಹಿಂದಿನ ವಾರದ್ದು. ಇದು ಶ್ರಾವಣ. ಯುಗಾದಿಯಲ್ಲಿ ಒಮ್ಮೆ ನೋಡಿ ಶ್ರಾವಣದವರೆಗೆ ಕಣ್ಣು ಮುಚ್ಚಿಕೊಂಡು ಕೂತಿದ್ದೀರಲ್ಲ, ನಾಚಿಕೆಯಾಗುವುದಿಲ್ಲವೇ? ಕಾಗದಕ್ಕೆ ಹುಳ ಕಾಣುತ್ತದೆಯೇ? ಮುಚ್ಚಳ ಸೀಳಿದ್ದು ಕಾಗದಕ್ಕೆ ಗೊತ್ತಾಗುತ್ತದೆಯೇ? ಈ ನೀರನ್ನೇ ದಿನಕ್ಕೆ ಮುನ್ನೂರು ಮಂದಿ ಕುಡಿಯುತ್ತಿದ್ದೀರಿ. ನಿಮ್ಮ ಮಕ್ಕಳು ಕುಡಿಯುತ್ತಿದ್ದಾರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತೇವೆ. ನಿಮಗೆ ಅಂಗೈ ಹುಣ್ಣಿಗೂ ಸರ್ಟಿಫಿಕೇಟು ಬೇಕು, ಅದೂ ತೋರಿಸಿದವಳ ಸರ್ಟಿಫಿಕೇಟು!

ಅಧ್ಯಕ್ಷರು ತಲೆ ತಗ್ಗಿಸಿದ್ದಾರೆ. ತಗ್ಗಿಸಬೇಡಿ ಅಧ್ಯಕ್ಷರೇ. ಯಾರ ಮೇಲೆ ಸಿಟ್ಟು ಎಂದು ಕೊನೆಗೆ ಹೇಳುತ್ತೇನೆ ಎಂದಿದ್ದೆನಲ್ಲ. ಎಲ್ಲರಿಗಿಂತ ಮೊದಲು ಹುಲಿಗೆವ್ವ ಈ ಮಾತು ಹೇಳಿದ್ದು ನನಗೆ. ಎಂಟು ದಿನದ ಹಿಂದೆ, ಬೆಳಗಿನ ಹೊತ್ತು, ನನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದಳು. ನಾನು ಆ ದಿನದ ಪ್ರವಚನಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಅವತ್ತಿನ ವಿಷಯ ದಯೆ. ತಲೆ ಎತ್ತದೆ, "ಅಧ್ಯಕ್ಷರಿಗೆ ಹೇಳವ್ವ" ಎಂದೆ. ಎದ್ದು ಇಪ್ಪತ್ತು ಹೆಜ್ಜೆ ನಡೆದಿದ್ದರೆ ಟಾಕಿ. ನಡೆಯಲಿಲ್ಲ. ದಯೆಯ ಮೇಲೆ ಒಂದೂವರೆ ತಾಸು ಮಾತಾಡಿದೆ, ನೀವು ಚಪ್ಪಾಳೆ ತಟ್ಟಿದಿರಿ, ಆಮೇಲೆ ಎಲ್ಲರೂ ಆ ನೀರು ಕುಡಿದೆವು. ನನ್ನ ಮೇಲೆಯೇ ನನಗೆ ಅಸಹ್ಯವಾಗಿದೆ.

ಇವತ್ತು ಮುಂಜಾನೆ ಅವಳು ಮತ್ತೆ ಬಂದಳು. ಟಾಕಿಯ ನೀರು ತುಂಬಿದ ಈ ಲೋಟವನ್ನು ನನ್ನ ಕೋಣೆಯಲ್ಲಿ ಇಟ್ಟುಹೋದಳು.

ಹಾಗಾಗಿ ಕೇಳಿ. ಉಪದೇಶ ದೊಡ್ಡದೇನಿಲ್ಲ. ನಾಳೆಯಿಂದ ನಿಮ್ಮ ಮನೆಯಲ್ಲಿ, ಹೊಲದಲ್ಲಿ, ಕಚೇರಿಯಲ್ಲಿ, ನಿಮಗಿಂತ ಕಡಿಮೆ ಓದಿದವರು, ನಿಮ್ಮ ಕೈಕೆಳಗಿನವರು, ನಿಮ್ಮ ಸೊಸೆ, ನಿಮ್ಮ ಮನೆಗೆಲಸದವಳು, ಯಾರೇ ಬಂದು ನಾನು ಕಂಡೆ ಎಂದರೆ, ನಿನಗೇನು ತಿಳಿಯುತ್ತದೆ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ನನಗೂ ಬರುತ್ತದೆ. ಒನೆಸಿಮನಂಥವನಿಗೇ ಬಂತು. ಬಂದಾಗ ನಾಲಿಗೆ ಕಚ್ಚಿಕೊಳ್ಳಿ. ಎಲ್ಲಿ, ತೋರಿಸು ಎನ್ನಿ. ಕೂತಲ್ಲಿಂದ ಏಳಿ, ಅವರ ಹಿಂದೆ ಹೋಗಿ, ಅವರು ತೋರಿಸಿದ ಜಾಗದಲ್ಲಿ ಕಾಲು ತಾಸು ನಿಂತು ನೋಡಿ. ಅವರು ಹೇಳಿದ್ದು ಸುಳ್ಳಾಗಿದ್ದರೆ ಕಾಲು ತಾಸು ಹೋಯಿತು, ಅಷ್ಟೇ. ನಿಜವಾಗಿದ್ದರೆ? ಇಷ್ಟೂ ಮಾಡಲಾಗದಿದ್ದರೆ ನಾಳೆಯಿಂದ ಪ್ರವಚನಕ್ಕೆ ಬರಬೇಡಿ, ನಾನೂ ಬರುವುದಿಲ್ಲ.

ಇವತ್ತು ಮಂಗಳಾರತಿ ಆಮೇಲೆ. ಊಟದ ಗಂಟೆ ಬಾರಿಸಬೇಡಿ. ಸಾರು ಆರಿದರೆ ಆರಲಿ. ಹುಲಿಗೆವ್ವ, ಮುಂದೆ ಬಾರವ್ವ, ಏಣಿ ಎಲ್ಲಿದೆ ಎಂದು ತೋರಿಸು. ನೀನು ಹತ್ತಿ ಮುಚ್ಚಳ ತೆಗಿ, ನಿನ್ನ ಹಿಂದೆ ನಾನು ಹತ್ತುತ್ತೇನೆ, ನನ್ನ ಹಿಂದೆ ಅಧ್ಯಕ್ಷರು. ಅಲ್ಲಿಯವರೆಗೆ ಈ ಲೋಟ ಸಭೆಯಲ್ಲಿ ಕೈಯಿಂದ ಕೈಗೆ ಹೋಗಲಿ, ಬೆಳಕಿಗೆ ಹಿಡಿದು ನೋಡಿ. ಏನೂ ಕಾಣಲಿಲ್ಲ ಎಂದು ಯಾರೋ ಈಗಲೇ ಅಂದಿರಿ. ಕುಳಿತುಕೊಳ್ಳಿ ಯಜಮಾನರೇ, ಇನ್ನೂ ಒಂದು ನಿಮಿಷವೂ ಆಗಿಲ್ಲ. ಮತ್ತೆ ನೋಡಿ.